ಪಕ್ಕದ ಮನೆಯ ಹೂರಣ

ನಮ್ಮ ಬಾವಿ ಬೀದಿಯಲ್ಲಿ ಬಾಡಿಗೆಗೆ ಮನೆ ಕೇಳಿಕೊಂಡು ಬಂದವರ ಜಾತಿ ಕೇಳುವುದಿಲ್ಲ, ಸಂಬಳ ಕೇಳುವುದಿಲ್ಲ, ಮಕ್ಕಳೆಷ್ಟು ಎಂದೂ ಕೇಳುವುದಿಲ್ಲ. ಕೇಳುವುದು ಒಂದೇ ಮಾತು: ಪಕ್ಕದ ಮನೆ ಹಬ್ಬದ ದಿನ ಹೊಟ್ಟೆ ತುಂಬ ಊಟ ಮಾಡುತ್ತೀರಾ? ಹೌದು ಎಂದರೆ ಬೀಗದ ಕೈ ಕೊಡುತ್ತಾರೆ. ಉಪವಾಸ, ಪಥ್ಯ ಎಂದು ತಲೆ ಕೆರೆದುಕೊಂಡರೆ ಬೇರೆ ಊರಿನ ದಾರಿ ತೋರಿಸುತ್ತಾರೆ.

ಯಾಕೆಂದರೆ ಹಬ್ಬದ ಮಧ್ಯಾಹ್ನ ಚಾವಡಿಯ ಗಂಟೆ ಹೊಡೆದಾಗಿನಿಂದ ಸಂಜೆ ದೀಪ ಹಚ್ಚುವವರೆಗೆ ನಮ್ಮೂರಿನಲ್ಲಿ ತಿಂದವರಿಗೆ ತಾವು ತಿಂದದ್ದರ ರುಚಿ ತಿಳಿಯುವುದಿಲ್ಲ. ಅದು ಬಲಗಡೆಯ ಮನೆಯವರಿಗೆ ತಿಳಿಯುತ್ತದೆ. ಹೊಟ್ಟೆ ನಮ್ಮದು ತುಂಬುತ್ತದೆ, ನಾಲಿಗೆ ಅವರದ್ದು ತಣಿಯುತ್ತದೆ. ನನ್ನ ಎಡಗಡೆಯ ಮನೆಯಲ್ಲಿ ತಿಂದದ್ದು ನನಗೆ, ನಾನು ತಿಂದದ್ದು ಬಲಗಡೆಯ ಚೌಡಜ್ಜಿಗೆ. ಬಾವಿಯ ಸುತ್ತ ಹನ್ನೊಂದು ಮನೆ, ಹೀಗೇ ಒಂದು ಸುತ್ತು. ಇನ್ನೊಬ್ಬರ ಮನೆಗೆ ಹೋಗಿ ಕೂತು ಉಂಡರೂ ಪ್ರಯೋಜನವಿಲ್ಲ, ನೀವು ಮಲಗುವ ಮನೆ ಯಾವುದೋ ಅದರ ಬಲಗಡೆಗೇ ಸಲ್ಲುತ್ತದೆ. ರುಚಿಗೆ ವಿಳಾಸ ಗೊತ್ತು.

ನಾವೆಲ್ಲ ಇದಕ್ಕೆ ಒಗ್ಗಿಕೊಂಡಿದ್ದೇವೆ. ಸಕ್ಕರೆ ಕಾಯಿಲೆಯವರು ಆ ದಿನ ಸಪ್ಪೆ ಮುದ್ದೆ ಮುರಿಯುತ್ತ ಪಕ್ಕದವರ ಜಿಲೇಬಿ ಸವಿಯುತ್ತಾರೆ. ಮಕ್ಕಳು ಹಸಿಮೆಣಸಿನಕಾಯಿ ಕಚ್ಚಿ ಬಲಗಡೆಯ ಮನೆಯ ಮೇಷ್ಟರನ್ನು ಕುಣಿಸುತ್ತವೆ. ವರ್ಷವಿಡೀ ಗೋಡೆ ಜಗಳವಾಡಿದವರೂ ಹಬ್ಬ ಹತ್ತಿರ ಬಂದ ಹಾಗೆ ರಾಜಿಯಾಗುತ್ತಾರೆ, ಹಾಗಲಕಾಯಿ ಎಲ್ಲ ಸಂತೆಯಲ್ಲೂ ಸಿಗುತ್ತದಲ್ಲ! ಇನ್ನು ಒಂದು ಮನೆಯಲ್ಲಿ ಐದು ಜನ ಐದು ಬಗೆ ತಿಂದರೆ ಪಕ್ಕದವರ ಬಾಯಿಗೆ ಸಾರು, ಪಾಯಸ, ಉಪ್ಪಿನಕಾಯಿ ಎಲ್ಲ ಕಲಸಿ ಬಂದು ಬೀಳುತ್ತದೆ. ಅದಕ್ಕೇ ನಮ್ಮ ಹಿರಿಯರು ಹಬ್ಬದೂಟವನ್ನು ಒಂದೇ ಟ್ರೇಗೆ ಇಳಿಸಿದರು. ಅದೇ ಖಾರದ ಹೂರಣ.

ಹೊರಗಿನವರು ಹೂರಣ ಎಂದರೆ ಹೋಳಿಗೆಯೊಳಗಿನ ಬೇಳೆ ಬೆಲ್ಲ ಎಂದುಕೊಳ್ಳುತ್ತಾರೆ. ನಮ್ಮದು ಬ್ರೆಡ್ಡಿನದು. ಒಣಗಿಸಿದ ಬ್ರೆಡ್ ತುಂಡಿಗೆ ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ದೊಡ್ಡಪತ್ರೆ ಎಲೆ, ಕರಿಮೆಣಸು ಬೆರೆಸಿ, ತೊಗರಿಬೇಳೆ ಬೇಯಿಸಿ ಬಸಿದ ಕಟ್ಟನ್ನು ಚಿಮುಕಿಸಿ, ಟ್ರೇಯಲ್ಲಿ ಒತ್ತಿ, ಬೇಕರಿಯ ಸೌದೆ ಒಲೆಯಲ್ಲಿ ಮೇಲ್ಭಾಗ ಕೆಂಪಗಾಗುವವರೆಗೆ ಬೇಯಿಸುವುದು. ಯಾವ ಕಾಲದಲ್ಲೋ ಇದನ್ನು ಕುಂಬಳಕಾಯಿಯೊಳಗೆ ತುಂಬಿ ಸುಡುತ್ತಿದ್ದರಂತೆ, ಹಾಗಾಗಿ ಆ ಹೆಸರು. ಕುಂಬಳಕಾಯಿ ಹೋಯಿತು, ಹೂರಣ ಉಳಿಯಿತು. ಈಗ ಅದನ್ನು ತುಂಬುವುದು ನಮ್ಮ ಹೊಟ್ಟೆಗೆ ಮಾತ್ರ.

ಇದಕ್ಕೊಂದು ಕಟ್ಟಳೆಯೂ ಇದೆ. ಪಕ್ಕದ ಮನೆಯವರ ನಾಲಿಗೆಗೆ ಏನು ಹಿತ ಎಂಬುದನ್ನು ವರ್ಷವಿಡೀ ನೋಡಿ ತಿಳಿದುಕೊಳ್ಳಬೇಕು. ನನಗೆ ಇಂಥದ್ದು ಬೇಕು ಎಂದು ಯಾರೂ ಬಾಯಿ ಬಿಟ್ಟು ಕೇಳುವ ಹಾಗಿಲ್ಲ. ಕೇಳಿದವರನ್ನು ನಾಲಿಗೆ ಚಾಚಿದವರು ಎನ್ನುತ್ತಾರೆ. ಬಾವಿಯಾಚೆಯ ಮನೆಯ ಶಿವಣ್ಣ ಹದಿನೈದು ವರ್ಷದ ಹಿಂದೆ, ಹೂರಣಕ್ಕೆ ನಾಲ್ಕು ಗೋಡಂಬಿ ಹಾಕಬಾರದೇ ಎಂದು ಒಂದೇ ಒಂದು ಮಾತು ಆಡಿದ್ದ. ಅಂದಿನಿಂದ ಅವನು ಗೋಡಂಬಿ ಶಿವಣ್ಣ. ಆ ಹೆಸರಿಟ್ಟವಳು ನಾನೇ.

ನಾನು ಪ್ರಮೀಳಾ, ಬೀದಿಯವರ ರವಿಕೆ ಹೊಲಿಯುವವಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಒಂದೊಂದು ವರ್ಷ ಒಂದೊಂದು ಕಾರಣ ಹೇಳಿದ್ದೇನೆ, ಯಾವುದೂ ಸುಳ್ಳಲ್ಲ. ನನ್ನ ಎಡಗಡೆಯ ಮನೆಯಲ್ಲಿ ನನ್ನ ಸೋದರತ್ತೆ ಇದ್ದಳು. ನಲವತ್ತು ವರ್ಷ ನನ್ನ ನಾಲಿಗೆಗೆಂದೇ ಹೂರಣ ಮಾಡಿ ತಿಂದಳು. ಅವಳು ತೀರಿಕೊಂಡ ಮೇಲೆ ಮನೆ ಯಾರಿಗೆಂದು ಅವಳ ಮಕ್ಕಳಿಬ್ಬರೂ ಕಿತ್ತಾಡಿ ಮೂರು ವರ್ಷ ಬೀಗ ಹಾಕಿಟ್ಟರು. ಖಾಲಿ ಮನೆಯಲ್ಲಿ ತಿನ್ನುವವರು ಯಾರು? ಮೂರು ಹಬ್ಬ ನಾನು ಮಣ್ಣು ತಿಂದ ಹಾಗೆ ಉಂಡೆ. ಆ ಮನೆಯಾಚೆಗಿನ ಗುಲಾಬಿ ಟೀಚರ್ ಕೂಡ ಪಾಪ ಮೂರು ವರ್ಷ ಖಾಲಿ ಮನೆಗೆಂದೇ ತಿಂದರು. ಹಬ್ಬದ ದಿನ ಮಾತ್ರ ಅಲ್ಲಿಯ ಇಲಿಗಳು ಏನನ್ನೂ ಕಡಿಯದೆ ಸುಮ್ಮನಿರುತ್ತಿದ್ದವು ಎಂದು ಅವರೇ ನಗುತ್ತಿದ್ದರು.

ಬೇರೆ ದಿನ ಮಾಡಿಕೊಂಡು ತಿನ್ನಬಾರದೇ ಎಂದರೆ, ಮಾಡಿ ನೋಡಿದ್ದೇನೆ. ಅದು ಬರೀ ಬ್ರೆಡ್ಡು ಈರುಳ್ಳಿ. ಇನ್ನೊಬ್ಬರು ನನಗೆಂದು ಅಗಿಯದೆ ಅದು ಹೂರಣವಾಗುವುದಿಲ್ಲ.

ಇತ್ತ ಚೌಡಜ್ಜಿಗೆ ಮಾತ್ರ ಕೊರತೆಯಿಲ್ಲ. ಎಂಬತ್ತೆರಡು ವರ್ಷ, ಬಾಯಲ್ಲಿ ಒಂದೂ ಹಲ್ಲಿಲ್ಲ, ಅಜ್ಜಿಗೆ ಬೇಕಾದದ್ದು ಟ್ರೇಯ ಗರಿಗರಿ ಮೂಲೆಗಳು. ನಾಲ್ಕೂ ಮೂಲೆಯನ್ನು ನಾನು ಕಟಕಟ ಅಗಿಯಬೇಕು, ಅಜ್ಜಿ ತನ್ನ ಜಗಲಿಯಲ್ಲಿ ಕಣ್ಣು ಮುಚ್ಚಿ, ಕಟ್ಟಿನಲ್ಲಿ ನೆನೆಸಿದ ತನ್ನ ಹೂರಣ ನುಂಗುತ್ತ ಮೂಲೆ ಸವಿಯಬೇಕು. ದವಡೆ ನೋವು ನನ್ನದು, ತೇಗು ಅವಳದ್ದು.

ಈ ವರ್ಷ ಅತ್ತೆಯ ಮಕ್ಕಳು ಹೇಗೋ ಒಂದಾಗಿ ಮನೆಯನ್ನು ಬಾಡಿಗೆಗೆ ಕೊಟ್ಟರು. ಬಂದವರು ಹಾಲಪ್ಪ. ಅರವತ್ತು ದಾಟಿದ ಒಂಟಿ ಮನುಷ್ಯ, ಕೆಲಸ ತಕ್ಕಡಿ ರಿಪೇರಿ. ಅಂಗಡಿಗಳಲ್ಲಿ ತೂಕ ತಪ್ಪಿದ ಕಲ್ಲುಗಳಿಗೆ ಸೀಸ ತುಂಬಿ ಸರಿಮಾಡಿಕೊಡುತ್ತಾರೆ. ಗಾಡಿಯಿಂದ ಸಾಮಾನು ಇಳಿಸುವಾಗ ನೋಡಿದೆ: ಒಂದು ಹಾಸಿಗೆ, ಎರಡು ಪಾತ್ರೆ, ಹದಿನಾಲ್ಕು ತಕ್ಕಡಿ. ಹಬ್ಬದ ಊಟದ ಮಾತನ್ನು ಬೀದಿಯ ಪರವಾಗಿ ನಾನೇ ಕೇಳಿದೆ.

“ಮಾಡ್ತೀನಿ ತಾಯಿ. ಏನು ಕೊಟ್ರೂ ತಿಂತೀನಿ, ನಂಗೆಲ್ಲ ಒಂದೇ,” ಎಂದರು.

“ಒಂದೇ ಅಂದ್ರೆ?”

“ಆರು ವರ್ಷದ ಹಿಂದೆ ಜ್ವರ ಬಂದಿತ್ತು. ಹೋಗೋವಾಗ ರುಚಿನೂ ಕಟ್ಕೊಂಡು ಹೋಯ್ತು. ಸಕ್ಕರೆ ಬಾಯಿಗೆ ಹಾಕ್ಕೊಂಡ್ರೂ ಅಷ್ಟೆ, ಸೀಮೆಸುಣ್ಣ ಹಾಕ್ಕೊಂಡ್ರೂ ಅಷ್ಟೆ.”

ಮೂರು ವರ್ಷ ಕಾದು ಸಿಕ್ಕ ಪಕ್ಕದ ಮನೆಯ ಬಾಯಿ ಇಂಥದ್ದೇ? ಚೌಡಜ್ಜಿ ತನ್ನ ಜಗಲಿಯಿಂದಲೇ ಕೇಳಿಸಿಕೊಂಡು ತೀರ್ಪು ಕೊಟ್ಟಳು.

“ಮುಗೀತು ಬಿಡೇ ಪ್ರಮೀಳಾ. ಬಾವೀಲಿ ನೀರಿದ್ರೆ ತಾನೆ ಬಿಂದಿಗೆಗೆ ಬರೋದು. ರುಚಿನೇ ತಿಳೀದಿರೋ ಬಾಯಿ ತಿಂದ್ರೆ ನಿಂಗೇನು ಬರುತ್ತೆ?”

“ಬರುತ್ತೋ ಇಲ್ವೋ ನೀನೇನು ಕಂಡಿದ್ದೀಯಾ?” ಎಂದು ರೇಗಿದೆ. ನಿಜ ಹೇಳಬೇಕೆಂದರೆ ಯಾರೂ ಕಂಡಿರಲಿಲ್ಲ. ನಮ್ಮೂರಿನಲ್ಲಿ ಅಂಥ ಬಾಯಿ ಹಿಂದೆ ಇರಲಿಲ್ಲ. ಬರಬಹುದು, ಬರದಿರಬಹುದು. ಬರದಿದ್ದರೆ ಆ ಮನುಷ್ಯ ಇರುವಷ್ಟು ಕಾಲ ನನಗೆ ಮಣ್ಣೇ ಗತಿ. ಹಬ್ಬದವರೆಗೆ ಆ ಚಿಂತೆ ನನ್ನ ಹೊಲಿಗೆ ಯಂತ್ರದ ಜೊತೆ ತಿರುಗುತ್ತಲೇ ಇತ್ತು.

ಹಾಲಪ್ಪನವರಿಗೆ ಗಂಜಿ ಬಿಟ್ಟು ಬೇರೆ ಅಡುಗೆ ಬಾರದು. ಹೊಸಬರಿಗೆ ಕಲಿಸುವುದಕ್ಕೆ ಕಟ್ಟಳೆ ಅಡ್ಡಿಯಿಲ್ಲ. ಹಬ್ಬಕ್ಕೆ ಹದಿನೆಂಟು ದಿನ ಇರುವಾಗ ಒಂದು ಬೆಳಗ್ಗೆ ಬ್ರೆಡ್ ಹಿಡಿದುಕೊಂಡು ಅವರ ಅಡುಗೆಮನೆಗೆ ನುಗ್ಗಿದೆ. ಅವರು ಪೆನ್ಸಿಲು ನೋಟ್‌ಬುಕ್ಕು ಹಿಡಿದು ಕೂತರು.

“ಎಷ್ಟು ದಪ್ಪ ಕತ್ತರಿಸಬೇಕು?”

“ಒಂದು ಬೆರಳಿನಷ್ಟು.”

“ಯಾರ ಬೆರಳು?”

“ಅಯ್ಯೋ, ಯಾರದ್ದಾದ್ರೇನ್ರೀ! ಒಂದು ಅಂದಾಜು.”

“ರವಿಕೆ ಅಳತೇನೂ ಹೀಗೇ ಅಂದಾಜಲ್ಲಿ ತಗೋತೀರಾ?” ಎಂದು ನನ್ನ ಬೆರಳಿನ ಪಕ್ಕ ಅಡಿಪಟ್ಟಿ ಇಟ್ಟು ನೋಡಿ ಬರೆದುಕೊಂಡರು.

ತುಂಡುಗಳನ್ನು ತೆಳು ಪಂಚೆಯ ಕೆಳಗೆ ಎರಡು ದಿನ ಬಿಸಿಲಿಗೆ ಹರವಿ, ಕಲ್ಲಿನ ಮೇಲೆ ಹಾಕಿದರೆ ಟಣ್ ಎನ್ನುವ ಹಾಗೆ ಒಣಗಿಸಬೇಕು. ಮೊದಲ ಸಲ ಅವರು ಅರ್ಧ ಒಣಗಿದ್ದಕ್ಕೇ ಬೇಳೆಕಟ್ಟನ್ನು ಒಟ್ಟಿಗೆ ಸುರಿದುಬಿಟ್ಟರು.

“ಇದೂ ಗಂಜಿನೇ ಆಯ್ತಲ್ರೀ!” ಎಂದೆ.

“ಅಭ್ಯಾಸ ಬಲ,” ಎಂದು ಅದನ್ನೇ ಕುಡಿದರು.

ಎರಡನೇ ಸಲಕ್ಕೆ ಹದ ಸಿಕ್ಕಿತು. ಕಟ್ಟನ್ನು ಕೈಯಲ್ಲಿ ಚಿಮುಕಿಸಿ, ಕಾದು, ಮತ್ತೆ ಚಿಮುಕಿಸಿ, ತುಂಡು ಹೊರಗೆ ಮೆತ್ತಗಾಗಿ ಒಳಗೆ ಬಿಗಿಯಾಗಿರುವಾಗ ನಿಲ್ಲಿಸುವುದನ್ನು ಕಲಿತರು. ಈಗ ನನ್ನ ಕಳ್ಳತನದ ಕಥೆ ಹೇಳಬೇಕು. ಮೊದಲ ದಿನವೇ ಅವರು ಬೆಣ್ಣೆ ಎಷ್ಟು ಎಂದು ಕೇಳಿದಾಗ, ಧಾರಾಳವಾಗಿ ಎಂದೆ, ಇದು ನಮ್ಮೂರ ಪದ್ಧತಿ. ಮೆಣಸನ್ನು ಪುಡಿ ಮಾಡಬಾರದು, ಬಾಯಿಗೆ ಸಿಗುವ ಹಾಗೆ ಜಜ್ಜಬೇಕು, ಇದು ನಮ್ಮೂರ ಪದ್ಧತಿ. ದೊಡ್ಡಪತ್ರೆಯನ್ನು ಹಸಿಯಾಗಿ ಹೆಚ್ಚಿ ಹಾಕಬಾರದು, ಬೆಣ್ಣೆಯಲ್ಲಿ ಗರಿಗರಿ ಕರಿದು ಅಂಗೈಯಲ್ಲಿ ಮುರಿದು ಉದುರಿಸಬೇಕು, ಇದೂ ನಮ್ಮೂರ ಪದ್ಧತಿ. ಒಣದ್ರಾಕ್ಷಿ ಅಪ್ಪಿತಪ್ಪಿಯೂ ಬೀಳಬಾರದು. ಊರಿನ ಪದ್ಧತಿ ಎಲ್ಲಿಯದು! ಇಡೀ ಬೀದಿಯಲ್ಲಿ ದ್ರಾಕ್ಷಿ ಹಾಕದ ಮನೆಯಿಲ್ಲ. ನಾನು ಹೇಳಿದ್ದೆಲ್ಲ ನನ್ನ ಅತ್ತೆ ನನಗೆಂದು ಮಾಡುತ್ತಿದ್ದದ್ದು. ಬಾಯಿ ಬಿಟ್ಟು ನನಗೆ ಬೇಕು ಅನ್ನಲಿಲ್ಲವಲ್ಲ, ನಾಲಿಗೆ ಚಾಚಿದ ಹಾಗಾಗಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಾಲಪ್ಪನವರು ಎಲ್ಲವನ್ನೂ ತೂಗಿ ತೂಗಿ ಬರೆದುಕೊಂಡರು.

“ಉಪ್ಪು?”

“ರುಚಿಗೆ ತಕ್ಕಷ್ಟು.”

ಪೆನ್ಸಿಲು ನಿಂತಿತು. “ಯಾರ ರುಚಿಗೆ?”

ಆ ಮನುಷ್ಯನಿಗೆ ರುಚಿಯೇ ಇಲ್ಲ, ಅವರು ಕೇಳಿದ್ದರಲ್ಲಿ ತಪ್ಪೇನಿತ್ತು? ನನ್ನ ರುಚಿಗೆ ಎನ್ನಬೇಕಿತ್ತು. ಆ ಮಾತು ಗಂಟಲವರೆಗೆ ಬಂತು, ಅಷ್ಟರಲ್ಲಿ ಗೋಡಂಬಿ ಶಿವಣ್ಣನ ಮುಖ ಕಣ್ಣಮುಂದೆ ಬಂತು. “ಊರ ರುಚಿಗೆ,” ಎಂದುಬಿಟ್ಟೆ. ಅವರು ಉಪ್ಪು ಎಂದು ಬರೆದು ಮುಂದೆ ಜಾಗ ಖಾಲಿ ಬಿಟ್ಟರು.

ಅವರು ದಿನಾ ಬೆಳಗ್ಗೆ ಉಪ್ಪಿಲ್ಲದ ಗಂಜಿ ಕುಡಿಯುತ್ತಿದ್ದರು. ಅದನ್ನು ನೋಡುವುದೇ ನನಗೆ ಹಿಂಸೆ. ಆವತ್ತೇ ಅವರಾಗಿಯೇ ಒಂದು ಸಣ್ಣ ಬಟ್ಟಲು ಉಪ್ಪು ತಂದು ಮುಂದಿಟ್ಟರು. “ನೀವೇ ಹಾಕ್ಬಿಡಿ ತಾಯಿ. ನಂಗೆ ತಿಳಿಯಲ್ಲ, ಹೊಟ್ಟೆಗಾದ್ರೂ ಮರ್ಯಾದೆ ಇರಲಿ.” ನಾನು ಚಿಟಿಕೆ ಹಾಕಿ, ಕಲಕಿ, ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ, ಇನ್ನೊಂದಿಷ್ಟು ಹಾಕಿ ಕೊಟ್ಟೆ. ಅವರು ಉಪ್ಪಿನ ಬಟ್ಟಲನ್ನು ಕೂಡಲೇ ಒಳಗೆ ತೆಗೆದುಕೊಂಡು ಹೋದರು. ಅಚ್ಚುಕಟ್ಟಿನ ಮನುಷ್ಯ ಎಂದುಕೊಂಡೆ. ಹಬ್ಬದವರೆಗೆ ದಿನಾ ಬೆಳಗ್ಗೆ ಅವರ ಗಂಜಿಗೆ ಉಪ್ಪು ಹಾಕುವುದು ನನ್ನ ಕೆಲಸವಾಯಿತು.

ಹಬ್ಬದ ದಿನ ಬೆಳಕು ಹರಿಯುವಷ್ಟರಲ್ಲಿ ಬೇಕರಿಯ ಮುಂದೆ ಟ್ರೇಗಳ ಸಾಲು. ಯಾರದು ಯಾವುದೆಂದು ತಿಳಿಯಲು ಟ್ರೇಯ ಅಂಚಿಗೆ ಸುಣ್ಣದ ಗುರುತು. ನನ್ನದಕ್ಕೆ ಕತ್ತರಿಯ ಚಿತ್ರ, ಹಾಲಪ್ಪನವರದ್ದಕ್ಕೆ ತಕ್ಕಡಿ. ಒಲೆಯಿಂದ ಬೆಣ್ಣೆ, ಈರುಳ್ಳಿಯ ಘಮ ಎದ್ದು ಇಡೀ ಬೀದಿ ಮೂಗು ಮೇಲೆತ್ತಿ ನಿಂತಿತ್ತು. ವಾಸನೆಗೆ ಯಾವ ಕಟ್ಟಳೆಯೂ ಇಲ್ಲ. ಹಾಲಪ್ಪನವರು ಹೊಸ ಅಂಗಿ ತೊಟ್ಟು, ಟ್ರೇಯನ್ನು ಪಂಚೆಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡವರ ಹಾಗೆ ಎದೆಗೆ ಒತ್ತಿಕೊಂಡು ಮನೆಗೆ ಹೋದರು.

ಹಿತ್ತಿಲ ಜಗಲಿಯಲ್ಲಿ ಕೂತೆ. ಎರಡೂ ಪಕ್ಕ ಸೊಂಟದೆತ್ತರದ ಗೋಡೆ. ಗಂಟೆ ಹೊಡೆಯಿತು. ಮೊದಲ ಮೂಲೆ ಕಿತ್ತು ಬಾಯಿಗಿಟ್ಟು ಅಗಿದೆ. ಏನೂ ಇಲ್ಲ. ಬಲಗಡೆಯಿಂದ ಚೌಡಜ್ಜಿಯ ಸಂತೋಷದ ನರಳಾಟ.

“ಆಹಾ! ನಿಧಾನಕ್ಕೆ ಅಗಿಯೇ, ಓಡಬೇಡ!”

ಎರಡನೇ ತುತ್ತು. ಏನೂ ಇಲ್ಲ. ಮೂರನೆಯದು, ನಾಲ್ಕನೆಯದು. ಬಾಯಲ್ಲಿ ಬಿಸಿ ಇದೆ, ಗರಿಗರಿ ಇದೆ, ರುಚಿ ಮಾತ್ರ ಮಣ್ಣಿಗೂ ಕಡೆ. ಅಜ್ಜಿ ಹೇಳಿದ್ದೇ ನಿಜವಾಯಿತು, ಬಾವಿಯಲ್ಲಿ ನೀರಿಲ್ಲ. ಐವತ್ತಾರು ವರ್ಷದ ಹೆಂಗಸು ಹೂರಣಕ್ಕಾಗಿ ಅಳುವುದು ನಾಚಿಕೆಗೇಡು, ಆದರೂ ಅಳು ಬಂತು. ಅತ್ತೆ ನೆನಪಾದಳು. ಇನ್ನು ನನಗೆಂದು ಯಾರೂ ಅಗಿಯುವುದಿಲ್ಲ ಅನ್ನಿಸಿತು. ಕಣ್ಣೊರೆಸಿಕೊಂಡು, ಕಡೆಗೆ ಸಿಟ್ಟು ಬಂದು, ಎದ್ದು ಎಡಗಡೆಯ ಗೋಡೆಯ ಮೇಲಿಂದ ಇಣುಕಿದೆ.

ಹಾಲಪ್ಪನವರು ತಮ್ಮ ಹಿತ್ತಿಲಲ್ಲಿ ಟ್ರೇಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತುಂಬಿದ ಚಮಚ ಗಾಳಿಯಲ್ಲಿ ಅರ್ಧಕ್ಕೇ ನಿಂತಿತ್ತು. ಟ್ರೇಯಿಂದ ಒಂದು ಚೂರೂ ಬಾಯಿಗೆ ಹೋಗಿರಲಿಲ್ಲ. ಕಣ್ಣು ಮುಚ್ಚಿತ್ತು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

“ಕಾಯಿತುರಿ,” ಎಂದರು ತಮಗೆ ತಾವೇ. “ಇದು ದ್ರಾಕ್ಷಿ. ಇದು... ಇದು ಜೀರಿಗೆ ಅಲ್ವಾ? ಎಲ್ಲೋ ಸ್ವಲ್ಪ ಸೀದಿದೆ.”

ಅವರ ಆಚೆಯ ಗೋಡೆಯಿಂದ ಗುಲಾಬಿ ಟೀಚರ್ ಗಾಬರಿಯಿಂದ ತಲೆಯೆತ್ತಿದರು. “ಕ್ಷಮಿಸಿ ಹಾಲಪ್ಪನವ್ರೇ! ನಿಮಗೇನು ಹಿಡಿಸುತ್ತೆ ಅಂತ ಗೊತ್ತಾಗ್ಲಿಲ್ಲ, ಎಲ್ಲಾ ಒಂದೊಂದು ಚೂರು ಹಾಕ್ದೆ. ತಳ ಹತ್ತಿಬಿಡ್ತು!”

“ಸೀದಿದ್ದು ಅಂದ್ರೆ ಹೀಗಿರುತ್ತೆ! ಎಷ್ಟು ಚೆನ್ನಾಗಿದೆ ಟೀಚರ್! ಇನ್ನೊಂದು ತುತ್ತು ತಿನ್ನಿ, ತಳದ್ದೇ ತಿನ್ನಿ!”

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಹದಿನೆಂಟು ದಿನ ಆ ಮನುಷ್ಯನ ಎದುರು ಕೂತಿದ್ದೇನೆ. ಅವರ ಬಾಯಿಂದ ನನಗೆ ಏನು ಬರುತ್ತದೆ ಎಂದೇ ಯೋಚಿಸಿದ್ದೇನೆ ಹೊರತು, ಅವರ ಬಾಯಿಗೂ ಏನಾದರೂ ಬರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಸಂತೋಷವೂ ಆಯಿತು. ಆದರೆ ನನ್ನ ಹೊಟ್ಟೆಬಾಕತನ ನಾಚಿಕೆಗಿಂತ ಹಳೆಯದು.

“ಹಾಲಪ್ಪನವ್ರೇ, ಆ ಚಮಚ ಬಾಯಿಗಿಡ್ರೀ!” ಎಂದು ಕೂಗಿದೆ.

“ತಡೀರಿ ತಾಯಿ, ಇಲ್ಲಿ ಇನ್ನೂ ಬರ್ತಾ ಇದೆ.”

“ನಂಗಿನ್ನೂ ಏನೂ ಬಂದಿಲ್ಲ! ಮೂರು ವರ್ಷ ಆಯ್ತು!”

ಅವರು ಕಣ್ಣು ತೆರೆದು ನನ್ನನ್ನು ನೋಡಿದರು, ಚಮಚ ನೋಡಿದರು. “ಅಯ್ಯೋ ಶಿವನೇ, ಮರೆತೇಬಿಟ್ಟೆ,” ಎಂದು ಗಬಕ್ಕನೆ ಬಾಯಿಗಿಟ್ಟುಕೊಂಡರು.

ಬಂತು. ಮೊದಲು ಬೆಣ್ಣೆ, ಆಮೇಲೆ ಕಂದಿದ ಈರುಳ್ಳಿಯ ಸಿಹಿ. ಜಜ್ಜಿದ ಮೆಣಸು ಅವರ ಹಲ್ಲಿಗೆ ಸಿಕ್ಕಿ ನನ್ನ ನಾಲಿಗೆಯಲ್ಲಿ ಚುರ್ರೆಂದಿತು. ಕರಿದು ಮುರಿದ ದೊಡ್ಡಪತ್ರೆಯ ಘಾಟು ಮೂಗಿಗೆ ಏರಿತು. ಕೊನೆಗೆ ಎಲ್ಲವನ್ನೂ ಕೂಡಿಸಿ ಹಿಡಿಯುವ ಉಪ್ಪು. ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಡಿಮೆಯಿಲ್ಲ. ನನ್ನ ಅತ್ತೆಯ ಕೈಯೂ ವರ್ಷಕ್ಕೊಮ್ಮೆ ಆಚೀಚೆ ಆಗುತ್ತಿತ್ತು, ಇದು ಆಗಿರಲಿಲ್ಲ. ಗೋಡೆಯ ಮೇಲೆ ಇನ್ನಷ್ಟು ಬಗ್ಗಿದೆ.

“ಉಪ್ಪು... ಉಪ್ಪು ಹೇಗ್ರೀ ಹಾಕಿದ್ರಿ?”

ಹಾಲಪ್ಪನವರು ಜೇಬಿನಿಂದ ನೋಟ್‌ಬುಕ್ ತೆಗೆದರು. “ಹದಿನೆಂಟು ದಿನ ನೀ‌ವು ನನ್ನ ಗಂಜಿಗೆ ಉಪ್ಪು ಹಾಕಿದ್ರಲ್ಲ, ಹಾಕೋ ಮುಂಚೆ ಒಂದ್ಸಲ, ಹಾಕಿದ್ಮೇಲೆ ಒಂದ್ಸಲ ಬಟ್ಟಲು ತೂಗಿದೆ. ಚಿನ್ನ ತೂಗೋ ತಕ್ಕಡಿ ಇದೆ ನನ್ಹತ್ರ. ಒಂದು ಬಟ್ಟಲು ಗಂಜಿಗೆ ಹದಿನಾರು ಗುಲಗಂಜಿ ತೂಕ. ಒಂದಿನ ಮಾತ್ರ ಇಪ್ಪತ್ತಿತ್ತು, ಅವತ್ತು ನೀವು ಚೌಡಜ್ಜಿ ಜೊತೆ ಜಗಳ ಆಡಿ ಬಂದಿದ್ರಿ, ಅದನ್ನ ಬಿಟ್ಟು ಅದೇ ಲೆಕ್ಕದಲ್ಲಿ ಟ್ರೇಗೆ ಹಾಕ್ದೆ.”

“ಊರ ರುಚಿಗೆ ಅಂದಿದ್ನಲ್ಲ ನಾನು.”

“ಊರನ್ನೂ ಕೇಳ್ದೆ ತಾಯಿ. ನೀವು ಹೇಳಿದ ಪದ್ಧತಿ ಒಂದು ಮನೇಲೂ ಇಲ್ಲ. ಆಗ ಯಾರ ರುಚಿಗೆ ಅಂತ ಗೊತ್ತಾಯ್ತು.”

ಬಲಗಡೆಯಿಂದ ಚೌಡಜ್ಜಿ ಕಿಸಕ್ಕೆಂದಳು. “ಎಲ್ಲಾ ಮನೆಗೂ ಬಂದು ಕೇಳಿದಾನೆ ಕಣೇ. ಹದಿನೈದು ದಿನದಿಂದ ಇಡೀ ಬೀದಿಗೆ ಗೊತ್ತು, ನಿಂಗೊಬ್ಳಿಗೆ ಬಿಟ್ಟು. ಊರ ಪದ್ಧತಿ ಅಂತೆ!”

ಬಾವಿಯಾಚೆಯಿಂದ ಗೋಡಂಬಿ ಶಿವಣ್ಣನ ನಗು ಕೇಳಿಸಿತು. ಹದಿನೈದು ವರ್ಷ ಕೂಡಿಟ್ಟಿದ್ದ ನಗು, ಬೇಗ ಮುಗಿಯಲಿಲ್ಲ. ಬೇರೆ ದಿನವಾಗಿದ್ದರೆ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆನೇನೋ. ಆದರೆ ಬಾಯಿ ತುಂಬ ಬೆಣ್ಣೆ, ಮೆಣಸು, ಹದಿನಾರು ಗುಲಗಂಜಿ ಉಪ್ಪು ಇಟ್ಟುಕೊಂಡು ಮಾನದ ಚಿಂತೆ ಯಾರು ಮಾಡುತ್ತಾರೆ?

“ಹೌದ್ರೀ, ನನ್ನ ರುಚಿಗೇ!” ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದೆ. “ಇನ್ನೊಂದು ಚಮಚ ತಿನ್ನಿ ಹಾಲಪ್ಪನವ್ರೇ, ದೊಡ್ಡಪತ್ರೆ ಜಾಸ್ತಿ ಇರೋ ಕಡೆಯಿಂದ! ಆಮೇಲೆ ಶಿವಣ್ಣನ ಪಕ್ಕದ ಮನೆಯವ್ರು ಯಾರ್ರೀ, ನಾಲ್ಕು ಗೋಡಂಬಿ ಬಾಯಿಗೆ ಹಾಕ್ಕೊಳ್ಳಿ! ಹದಿನೈದು ವರ್ಷ ಆಯ್ತು ಅವನು ಕೇಳಿ!”

ಬಾವಿಯಾಚೆ ಯಾರೋ ಡಬ್ಬಿ ತೆಗೆದ ಸದ್ದಾಯಿತು. ಆಮೇಲೆ ಶಿವಣ್ಣ ಬಾಯಿ ಚಪ್ಪರಿಸಿದ ಸದ್ದು ಬಾವಿಯ ಈಚೆಗೂ ಕೇಳಿತು. ಅಲ್ಲಿಂದ ಶುರುವಾಯಿತು ನೋಡಿ. ನಂಗೆ ತುಪ್ಪ, ನಂಗೆ ನಿಂಬೆಹುಳಿ, ನಂಗೆ ದ್ರಾಕ್ಷಿ ಬೇಡ, ಇಷ್ಟು ವರ್ಷ ಸುಮ್ನಿದ್ದೆ, ಹೀಗೆ ಒಬ್ಬೊಬ್ಬರೂ ಗೋಡೆಯ ಮೇಲಿಂದ ಕೂಗುವವರೇ. ಸಂಜೆ ದೀಪ ಹಚ್ಚುವವರೆಗೂ ಹನ್ನೊಂದು ಮನೆಯವರೂ ನಾಲಿಗೆ ಚಾಚಿಕೊಂಡೇ ಇದ್ದರು. ಚೌಡಜ್ಜಿ ನನ್ನಿಂದ ಬೇಕರಿಯ ಟೋಸ್ಟ್ ಕೂಡ ಅಗಿಯಿಸಿದಳು. ನನಗೆ ಊರ ಪದ್ಧತಿ ಪ್ರಮೀಳಾ ಎಂಬ ಹೆಸರು ಬಿತ್ತು. ಇಟ್ಟವನು ಶಿವಣ್ಣ, ಅವನ ಹಕ್ಕು ಅದು.

ಮಾರನೆಯ ದಿನ ಬೆಳಗ್ಗೆ ಹಾಲಪ್ಪನವರು ಗಂಜಿಯ ಬಟ್ಟಲು, ಉಪ್ಪಿನ ಬಟ್ಟಲು ಎರಡನ್ನೂ ಹಿಡಿದು ನನ್ನ ಬಾಗಿಲಿಗೆ ಬಂದರು. ರುಚಿ ಹೋಯಿತೇ ಎಂದು ಕೇಳಲು ನನಗೆ ಸಂಕಟ, ಆದರೂ ಕೇಳಿದೆ.

“ದೀಪ ಹಚ್ಚಿದ ತಕ್ಷಣ ಹೋಯ್ತು,” ಎಂದರು. “ಹೋಗ್ಲಿ ಬಿಡಿ ತಾಯಿ. ಈಗ ಅದಕ್ಕೆ ನನ್ನ ವಿಳಾಸ ಗೊತ್ತಾಯ್ತಲ್ಲ, ಬರುತ್ತೆ.”

ನಾನು ಗಂಜಿಗೆ ಉಪ್ಪು ಹಾಕಿ, ಕಲಕಿ, ಅಂಗೈಯಲ್ಲಿ ನೆಕ್ಕಿ ನೋಡಿ ಕೊಟ್ಟೆ. ಅವರು ಕುಡಿಯದೆ ನಿಂತೇ ಇದ್ದರು, ಏನೋ ಹೇಳಲಿಕ್ಕಿತ್ತು.

“ಮುಂದಿನ ವರ್ಷಾನೂ ಸ್ವಲ್ಪ ತಳ ಹತ್ತಿಸಿ ಅಂತ ಗುಲಾಬಿ ಟೀಚರಿಗೆ ಹೇಳಿದ್ರೆ ತಪ್ಪಾಗುತ್ತಾ?”

“ನಿಮ್ಮನ್ನ ಯಾರಾದ್ರೂ ಅಡ್ಡಹೆಸರಿಟ್ಟು ಕರೀತಾರೆ ಅಷ್ಟೆ,” ಎಂದೆ.

ಅವರು ಗಂಜಿಯನ್ನು ನನ್ನ ಮೆಟ್ಟಿಲ ಮೇಲೇ ಬಿಟ್ಟು, ಹೇಳಲಿಕ್ಕೆ ಹೊರಟೇಬಿಟ್ಟರು.